ಮೇಷ್ಟ್ರ ಕನ್ನಡಕ

ದೊಡ್ಡಮುನಿಯಮ್ಮ ಕೋಲಾರದ ಬಸ್ ನಿಲ್ದಾಣದ ಹಿಂದಿನ ಬೀದಿಗಳಲ್ಲಿ ಹದಿನಾಲ್ಕು ವರ್ಷದಿಂದ ಕಾಗದ, ಗಾಜು, ತಗಡು ಆಯುತ್ತಿದ್ದಳು. ಬೆಳಿಗ್ಗೆ ಹೆಗಲೇರಿದ ಗೋಣಿಚೀಲವನ್ನು ಮಧ್ಯಾಹ್ನ ಗುಜರಿ ಅಂಗಡಿಯಲ್ಲಿ ಇಳಿಸುವ ಹೊತ್ತಿಗೆ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಎಂಬತ್ತೆರಡನೇ ಇಸವಿಯಲ್ಲಿ ಕಣ್ಣೂ ಕೈಕೊಟ್ಟಿತು. ಕಸದೊಳಗೆ ಕಾಗದವೆಂದು ಕೈ ಹಾಕಿದರೆ ಗಾಜಿನ ಚೂರು ಸಿಗುತ್ತಿತ್ತು. ವಾರಕ್ಕೊಂದು ಗಾಯ.

ಒಂದು ದಿನ ರಕ್ತ ಸೋರುವ ಬೆರಳಿಗೆ ಸೆರಗು ಸುತ್ತಿಕೊಂಡು ಒಂದು ಮನೆಯ ಜಗಲಿಯ ಮೇಲೆ ಕುಳಿತಳು. ಆ ಮನೆಯ ಶ್ಯಾಮಲಮ್ಮ, ಶಾಲೆಯ ಮೇಷ್ಟ್ರಾಗಿದ್ದು ತೀರಿಹೋದ ಗಂಡನ ಹಳೆಯ ಕಾಗದಗಳನ್ನು ಹೊರಗೆ ಹಾಕುತ್ತಿದ್ದರು.

"ಅಯ್ಯೋ, ಕಣ್ಣು ಕಾಣಲ್ವೇನಮ್ಮ?"

"ದೂರದ್ದು ಕಾಣ್ತದೆ ತಾಯಿ. ಕೈಲಿರೋದೇ ಕಾಣಲ್ಲ."

ಶ್ಯಾಮಲಮ್ಮ ಒಳಗೆ ಹೋಗಿ ಮೇಷ್ಟ್ರ ಕನ್ನಡಕ ತಂದರು. ತುಸು ಹೊತ್ತು ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದು, "ಹಾಕ್ಕೊಂಡು ನೋಡು" ಎಂದರು.

ಅವಳಿಗೆ ಮೊದಲು ಕಂಡದ್ದು ತನ್ನದೇ ಅಂಗೈ. ಕರಿಗಟ್ಟಿದ ಬಿರುಕು, ಅಡ್ಡಾದಿಡ್ಡಿ ಗಾಯದ ಗೀರು.

"ಇದು ನನ್ ಕೈಯೇನಾ ತಾಯಿ?" ಎಂದು ಕೇಳಿ, ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಳು. ಶ್ಯಾಮಲಮ್ಮ ಅರಿಶಿನ ತಂದು ಬೆರಳಿಗೆ ಮೆತ್ತಿದರು.

ಮರುದಿನದಿಂದ ಕನ್ನಡಕಕ್ಕೆ ದಾರ ಕಟ್ಟಿಕೊಂಡೇ ಕಸಕ್ಕೆ ಇಳಿದಳು. ಹೋಟೆಲಿನ ಮಾಣಿಗಳು, "ಟೀಚರಮ್ಮ ಬಂದ್ರು ಕಣ್ರೋ!" ಎಂದು ನಗುವರು.

"ನಗ್ರಪ್ಪ, ನಗ್ರಿ," ಎಂದಷ್ಟೇ ಹೇಳಿ ಅವಳು ಬಗ್ಗುವಳು.

ಗಾಯಗಳೇನೋ ಕಡಿಮೆಯಾದವು. ಸೊಂಟದ ನೋವಿಗೆ ಮಾತ್ರ ಯಾರ ಮನೆಯಲ್ಲೂ ಮದ್ದು ಸಿಗಲಿಲ್ಲ. ಇನ್ನೂ ಆರು ವರ್ಷ ಅವಳು ಆ ಚೀಲ ಹೊತ್ತಳು.