ಬೇವು ನಾರದ ಎಣ್ಣೆ

ನನ್ನ ಅಕ್ಕ ನೀಲವ್ವ ಏನನ್ನೇ ಆಗಲಿ ಮೊದಲು ನಾಲಿಗೆಯ ತುದಿಗೆ ಹಚ್ಚಿ ನೋಡುತ್ತಿದ್ದಳು. ಮಣ್ಣು, ಒಲೆಯ ಬೂದಿ, ಹುಳಿ ಬಂದ ಮಜ್ಜಿಗೆ, ಬದನೆಯ ಎಲೆ, ಎಲ್ಲವೂ ಅವಳ ಬಾಯಿ ಮುಟ್ಟಿಯೇ ಮುಂದೆ ಹೋಗಬೇಕು. ಬೈಲಹೊಂಗಲದ ನಮ್ಮ ಮನೆಯ ಹಿತ್ತಲಲ್ಲಿ ಬೆಳಿಗ್ಗೆ ಬಗ್ಗಿ ಒಂದು ಚಿಟಿಕೆ ಮಣ್ಣು ನೆಕ್ಕಿ, ಉಗುಳಿ, "ಸವಳ ಆಗೇತಿ, ಈ ಸಾಲಿಗೆ ಬಚ್ಚಲ ನೀರ ಬಿಡಬ್ಯಾಡ್ರಿ" ಎನ್ನುತ್ತಿದ್ದಳು. ನನ್ನ ಹೆಂಡತಿ ಗಿರಿಜಾ ಮುಖ ಕಿವುಚುತ್ತಿದ್ದಳು. "ಕಣ್ಣ ಮೋಸಾ ಮಾಡತಾವ, ಮೂಗ ಮೋಸಾ ಮಾಡತೈತಿ. ನಾಲಿಗಿ ಮಾಡೂದಿಲ್ಲ" ಎಂಬುದು ಅಕ್ಕನ ಮಾತು.

ಗಂಡ ತೀರಿಕೊಂಡ ಮೇಲೆ ಅವಳು ನಮ್ಮ ಜೊತೆಗೇ ಇದ್ದಳು. ಒಬ್ಬಳೇ ಮಗಳು ಶಶಿಕಲಾಳನ್ನು ಸುರೇಬಾನಕ್ಕೆ ಕೊಟ್ಟಿತ್ತು. ನಾನು ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸುವವನು. ಹಂಗಾಮಿನಲ್ಲಿ ಮನೆಯಲ್ಲಿ ಇರುತ್ತಿದ್ದುದೇ ಕಡಿಮೆ. ಹಿತ್ತಲು ಪೂರ್ತಿ ಅಕ್ಕನದು. ಎರಡು ಸಾಲು ಬದನೆ, ಚಪ್ಪರಕ್ಕೆ ಹಬ್ಬಿದ ಅವರೆ, ನಾಲ್ಕು ಮೆಣಸಿನ ಗಿಡ, ಮೂಲೆಗೊಂದು ದಾಸವಾಳ, ಸುತ್ತಲೂ ಬೇಲಿಯ ಹಾಗೆ ಚೆಂಡು ಹೂ.

ಹುಳಗಳ ಜೊತೆ ಅವಳದು ದಾಯಾದಿ ಜಗಳ, ದಿನವೂ ಇದ್ದದ್ದೇ. ಅವರೆಯ ಕುಡಿಗೆ ಕರಿ ಹೇನು ಮುತ್ತಿದರೆ ಇಬ್ಬನಿ ಆರುವ ಮೊದಲೇ ಬೂದಿ ಎರಚುತ್ತಿದ್ದಳು. ತೇವ ಇದ್ದರೇ ಬೂದಿ ಎಲೆಯ ಮೇಲೆ ನಿಲ್ಲುವುದು. ದಾಸವಾಳಕ್ಕೆ ಬಿಳಿ ಹಿಟ್ಟಿನಂಥ ತಿಗಣೆ ಹತ್ತಿದರೆ ತಿಗಣೆಯನ್ನು ಬಿಟ್ಟು ಇರುವೆಯ ಸಾಲು ಹುಡುಕುತ್ತಿದ್ದಳು. "ತಿಗಣಿ ತಾನ ನಡದ ಬರೂದಿಲ್ಲೊ, ಇರುವಿ ಹೊತ್ತ ತರತಾವ. ಕಳ್ಳನ್ನ ಆಮ್ಯಾಲ ಹಿಡಿ, ಮೊದಲ ಗಾಡಿ ಹೊಡಿಯಾವನ್ನ ಹಿಡಿ" ಎಂದು ನನ್ನನ್ನು ನೋಡಿ ನಗುತ್ತಿದ್ದಳು. ಬದನೆಯ ಕುಡಿ ಬಾಡಿತೆಂದರೆ ಒಳಗೆ ಹುಳ ಸೇರಿದೆ ಎಂದೇ ಅರ್ಥ. ಬಾಡಿದಷ್ಟನ್ನೂ ಉಗುರಿನಿಂದ ಚಿವುಟಿ ಒಲೆಗೆ ಹಾಕುತ್ತಿದ್ದಳು. ಅದಕ್ಕೂ ಬಗ್ಗದಿದ್ದರೆ ಬೇವಿನೆಣ್ಣೆ. ಬಕೆಟ್ಟಿನ ಸಬಕಾರದ ನೀರಿಗೆ ಎಣ್ಣೆ ಬಿಟ್ಟು, ಮೊಣಕೈವರೆಗೆ ಕೈ ಇಳಿಸಿ ಕಲಸಿ, ಬೆರಳನ್ನು ನಾಲಿಗೆಗೆ ಮುಟ್ಟಿಸುತ್ತಿದ್ದಳು. "ಕಹಿ ನಾಲಿಗಿ ತುದಿಗೆ ನಿಲ್ಲಬೇಕು, ಗಂಟಲಕ ಇಳೀಬಾರ್ದು. ಅದ ಹದ." ಆಮೇಲೆ ಹಳೆಯ ಕಸಬರಿಗೆ ಅದ್ದಿ ಗಿಡಗಳಿಗೆ ಸಿಂಪಡಿಸುತ್ತಿದ್ದಳು.

ಪಕ್ಕದ ಮನೆಯ ಕಮಲವ್ವ ಒಮ್ಮೆ ಗೋಡೆಯಾಚೆಯಿಂದ ಕೂಗಿದಳು: "ನೀಲವ್ವಕ್ಕಾ, ನೀ ಕೊಟ್ಟ ಬದನಿಕಾಯಾಗ ಹುಳಾ ಇತ್ತ ನೋಡವಾ."

"ಇರ್ಲಿ ಬಿಡವಾ. ಎಣ್ಣಿ ಹೊಡದಿಲ್ಲಂತ ಅದ ಸರ್ಟಿಫಿಕೇಟ. ಪುಕ್ಕಟ ಕಾಯಿಗೆ ಸರಕಾರಿ ಸಿಕ್ಕಾನೂ ಹೊಡದ ಕೊಡ್ಲೇನು?"

ನಮ್ಮ ಕಡೆ ಹೊಲಕ್ಕೆ ಹೊಡೆಯುವ ವಿಷಕ್ಕೂ ಎಣ್ಣೆ ಎಂದೇ ಹೆಸರು. ಒಗ್ಗರಣೆಗೆ ಹಾಕುವುದೂ ಎಣ್ಣೆ, ದೀಪಕ್ಕೆ ಹಾಕುವುದೂ ಎಣ್ಣೆ, ಅದೂ ಎಣ್ಣೆ. "ಎಣ್ಣಿ ಕುಡದಾಳ" ಎಂದು ಯಾರಾದರೂ ಅಂದರೆ ಮುಂದೆ ಏನನ್ನೂ ಕೇಳಬೇಕಿಲ್ಲ. ಸಾಯಲು ಹೊರಟಿದ್ದಳು ಎಂದು ಎಲ್ಲರಿಗೂ ತಿಳಿಯುತ್ತದೆ.

ಅಕ್ಕ ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಅವ್ವ ಕೂಲಿಗೆ ಹೋದಾಗ ನನ್ನನ್ನು ಟೊಂಕದ ಮೇಲೆ ಹೊತ್ತುಕೊಂಡು ಮನೆ ಕಾದವಳು. ನಾನಾದರೂ ಆರನೇ ಇಯತ್ತೆಗೆ ಸಾಲಿ ಬಿಟ್ಟೆ. ಗಿರಿಜಾ ಹತ್ತನೆಯ ಇಯತ್ತೆ ಪಾಸಾದವಳು. ಆದರೂ ಗುಳಿಗೆಯ ಚೀಟಿ, ಕರೆಂಟ್ ಬಿಲ್ಲು, ಏನು ಬಂದರೂ ಅಕ್ಕ ನನ್ನ ಕೈಗೇ ಕೊಡುತ್ತಿದ್ದಳು. "ನನ್ನ ತಮ್ಮ ಓದತಾನ" ಎಂದು ಹೇಳುವುದೇ ಅವಳಿಗೊಂದು ಸುಖ. ಇಂಗ್ಲಿಷ್ ಇದ್ದಲ್ಲಿ ನಾನು ಅಂದಾಜಿನಿಂದ ಹೇಳಿಬಿಡುತ್ತಿದ್ದೆ. ಹಾಗೇ ನಡೆದಿತ್ತು.

ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಬದನೆಗೆ ಹುಳ ವಿಪರೀತವಾಯಿತು. "ಪ್ಯಾಟಿಗೆ ಹೊಂಟೀದಿ, ಎಣ್ಣಿ ತಗೊಂಡ ಬಾರೊ" ಎಂದಳು. ಯಾವ ಎಣ್ಣೆ ಎಂದು ನನಗೆ ಗೊತ್ತಿತ್ತು. ಆದರೆ ಗೊಬ್ಬರದ ಅಂಗಡಿಯಲ್ಲಿ ಗದ್ದಲವಿತ್ತು. ನಾನು ಬೇವು ಎನ್ನಲಿಲ್ಲ, "ಬದನಿ ಹುಳಕ್ಕ ಎಣ್ಣಿ ಕೊಡ್ರಿ" ಎಂದೆ. ಎಲ್ಲರೂ ಎಣ್ಣೆ ಎನ್ನುವುದನ್ನೇ ಅವರು ಕೊಟ್ಟರು. ಗಾಡಿಯ ಹತ್ತಿರ ಬಂದು ನೋಡಿದರೆ ಬಾಟಲಿಯ ಮೇಲೆ ಇಂಗ್ಲಿಷ್, ಕೆಳಗೊಂದು ಕೆಂಪು ಗುರುತು, ಮೈಗೆ ಅಂಟಿಸಿದ ಒಂದು ಮಡಿಕೆ ಕಾಗದ. ಬೇವಲ್ಲ ಎಂದು ತಿಳಿಯಿತು. ತಿರುಗಿ ಹೋಗಲು ಬೇಸರವಾಯಿತು. ಕಾಗದ ಬಿಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಮುಚ್ಚಳ ತೆಗೆದು ಮೂಗಿಗೆ ಹಿಡಿದಳು.

"ಬೇವ ನಾರವಲ್ದಲ್ಲೊ ತಮ್ಮಾ."

"ಈಗಿಂದು ಹಂಗ ಇರತೈತಿ. ಸೋಸಿರತಾರ."

"ಓದಿ ನೋಡಿಯೇನು?"

"ಓದೇನಿ."

ಅಷ್ಟೇ. ಆ ಒಂದು ಮಾತಿಗೆ ಅವಳ ಮುಖ ಹಗುರವಾಯಿತು. ಬಕೆಟ್ಟಿಗೆ ಸುರಿದು, ಕೈ ಇಳಿಸಿ ಕಲಸಿದಳು. ನಾನು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದೆ. ಅವಳು ಬೆರಳನ್ನು ನಾಲಿಗೆಗೆ ಇಡುವುದನ್ನು ಹುಟ್ಟಿದಾಗಿನಿಂದ ನೋಡಿದವನು ನಾನು. ಅಂದೂ ನೋಡಿದೆ.

"ಇದ ಕಹಿ ಅಲ್ಲೊ. ಸುಡತೈತಿ" ಎಂದು ಉಗುಳಿದಳು.

"ಹೊಸಾ ನಮೂನಿ" ಎಂದೆ.

ಬಾಯಿ ಮುಕ್ಕಳಿಸಿ ಕಸಬರಿಗೆ ಹಿಡಿದಳು. ನಾನು ಒಳಗೆ ಹೋದೆ. ಅರ್ಧ ತಾಸಿಗೆ ಹಿತ್ತಲಿಂದ ಗಿರಿಜಾಳ ಕೂಗು ಕೇಳಿತು. ಅಕ್ಕ ಬದನೆಯ ಸಾಲಿನ ಮೇಲೆ ಮಗ್ಗುಲಾಗಿ ಬಿದ್ದಿದ್ದಳು. ಬಾಯಿಂದ ಜೊಲ್ಲು ನಿಲ್ಲದೆ ಸುರಿಯುತ್ತಿತ್ತು, ಮೈಯೆಲ್ಲ ಬೆವರು, ಕಣ್ಣ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಕಸಬರಿಗೆ ಕೈಯಲ್ಲೇ ಇತ್ತು, ಬಿಡಿಸಲು ಆಗಲಿಲ್ಲ. ಅದರ ಸಮೇತ ರಿಕ್ಷಾಕ್ಕೆ ಹಾಕಿದೆವು.

ದವಾಖಾನೆಯಲ್ಲಿ ಡಾಕ್ಟರು ಬಾಟಲಿ ಕೇಳಿದರು. ಗಿರಿಜಾ ಸೆರಗಿನಲ್ಲಿ ಸುತ್ತಿ ತಂದಿದ್ದಳು. ಅವರು ಮಡಿಕೆ ಕಾಗದವನ್ನು ಒಂದೇ ಎಳೆತಕ್ಕೆ ಬಿಚ್ಚಿ ಓದಿ, ಒಳಗೆ ಓಡುವ ಮುಂಚೆ ನನ್ನ ಕೈಗೆ ತುರುಕಿದರು. ಹತ್ತು ಭಾಷೆಯಲ್ಲಿ ಬರೆದಿತ್ತು. ಅದರಲ್ಲಿ ಕನ್ನಡವೂ ಇತ್ತು. ಸಣ್ಣ ಅಕ್ಷರ, ಆದರೆ ನನಗೆ ಓದಲು ಬರುವ ಅಕ್ಷರ. ಕೈಗೆ ತಾಗಿಸಬೇಡಿ, ಬಾಯಿಗೆ ತಾಗಿಸಬೇಡಿ ಎಂದು. ಅಲ್ಲೇ ನೆಲಕ್ಕೆ ಕುಳಿತು ಇನ್ನೊಮ್ಮೆ ಓದಿದೆ.

ಮಧ್ಯಾಹ್ನ ಪೊಲೀಸರೊಬ್ಬರು ಬಂದರು.

"ಮನ್ಯಾಗ ಜಗಳಾ ಏನರ ಆಗಿತ್ತೇನು?"

"ಇಲ್ಲರಿ."

"ಮತ್ತ ಯಾಕ ಕುಡದ್ಲು?"

ಕುಡಿದಿಲ್ಲರಿ, ಬೇವಿನೆಣ್ಣೆ ಎಂದು ನಾನೇ ಕೊಟ್ಟೆ ಎನ್ನಬೇಕಿತ್ತು. ನನ್ನನ್ನೇ ಒಳಗೆ ಹಾಕುತ್ತಾರೆ ಎಂಬ ಅಂಜಿಕೆ ಇತ್ತು. ಅದಕ್ಕಿಂತ ದೊಡ್ಡದು, ಓದದೆಯೇ ಓದಿದ್ದೇನೆ ಎಂದು ಹೇಳಿದ್ದನ್ನು ಒಪ್ಪಿಕೊಳ್ಳುವ ನಾಚಿಕೆ. ಅಕ್ಕ ಎಣ್ಣೆ ಕಲಸುವ ಹೊತ್ತಿಗೆ ಗಿರಿಜಾ ಒಳಗೆ ರೊಟ್ಟಿ ಬಡಿಯುತ್ತಿದ್ದವಳು, ಅವಳು ಏನನ್ನೂ ನೋಡಿರಲಿಲ್ಲ.

"ಗೊತ್ತಿಲ್ಲರಿ" ಎಂದೆ.

ಅಕ್ಕ ಹನ್ನೆರಡನೆಯ ದಿನ ಮನೆಗೆ ಬಂದಳು. ಅಷ್ಟರಲ್ಲಿ ಓಣಿಗೆಲ್ಲ ಸುದ್ದಿಯಾಗಿತ್ತು. ಕಮಲವ್ವ ಬಂದು ಅವಳ ಕೈ ಹಿಡಿದು ಅತ್ತಳು. "ಏನ ಕಡಿಮಿ ಆಗಿತ್ತ ನಿನಗ? ಎಣ್ಣಿ ಕುಡಿಯೂವಂಥಾದ್ದ ಏನಾಗಿತ್ತವಾ?"

ಅಕ್ಕ ದಂಗಾದಳು. ತಾನು ಕುಡಿದಿದ್ದೇನೆ ಎಂಬ ಸುದ್ದಿ ಅವಳಿಗೆ ಆಗಲೇ ತಿಳಿದದ್ದು. ಕಮಲವ್ವನ ಕೈ ಬಿಡಿಸಿಕೊಂಡು ನನ್ನ ಕಡೆ ನೋಡಿದಳು, ಹೇಳು ಎನ್ನುವ ಹಾಗೆ. ನಾನು ಮೊಬೈಲ್ ಕಿವಿಗೆ ಹಿಡಿದುಕೊಂಡು ಹೊರಗೆ ಹೋದೆ. ಯಾರೂ ಫೋನ್ ಮಾಡಿರಲಿಲ್ಲ.

ಅವಳು ಜಗಳ ಮಾಡಲಿಲ್ಲ, ಯಾರಿಗೂ ನನ್ನ ಹೆಸರು ಹೇಳಲಿಲ್ಲ. ಮುಂದಿನ ವಾರ ಮಗಳ ಮನೆಗೆ ಹೋದಳು. ಅವಳಿಗಿಂತ ಮೊದಲೇ ಸುದ್ದಿ ಸುರೇಬಾನ ಮುಟ್ಟಿತ್ತು. ಬೀಗರು ಕೆಟ್ಟವರಲ್ಲ, ಅಂಜಿದವರು. ಹೊಲದ ಔಷಧ, ಇಲಿ ಪಾಷಾಣ, ಫಿನಾಯಿಲ್ ಎಲ್ಲವನ್ನೂ ಟ್ರಂಕಿಗೆ ಹಾಕಿ ಕೀಲಿ ಜಡಿದರಂತೆ. ಬಾವಿಯ ಕಡೆ ಅವಳೊಬ್ಬಳನ್ನೇ ಬಿಡುತ್ತಿರಲಿಲ್ಲವಂತೆ. ಜೀವನವಿಡೀ ಗಿಡ ಉಳಿಸಿದವಳು ಎರಡು ವರ್ಷ ಹಾಗೆ ಕಾವಲಿನಲ್ಲಿ ಇದ್ದಳು.

ಹೋದ ವರ್ಷ ನಾನು ನೋಡಲು ಹೋದೆ. ಈ ಸಲ ಅಂಗಡಿಯಲ್ಲಿ ನಿಂತು ಓದಿ ಓದಿ ಬೇವಿನೆಣ್ಣೆ ಒಯ್ದಿದ್ದೆ. ಅಲ್ಲಿಯೂ ಅಂಗಳದಲ್ಲಿ ನಾಲ್ಕು ಬದನೆ ಗಿಡ ಹಚ್ಚಿದ್ದಳು. ಬಾಟಲಿ ತೆಗೆದುಕೊಂಡು ಬಿಸಿಲಿಗೆ ಹಿಡಿದು, ಅಕ್ಷರಗಳ ಕೆಳಗೆ ಬೆರಳಿಟ್ಟಳು.

"ಬೇ... ವಿ... ನ... ಎ... ಣ್ಣೆ."

"ಯಾವಾಗ ಕಲತಿ ಅಕ್ಕಾ?"

"ಇಲ್ಲಿ ಬಂದ ಮ್ಯಾಲ. ಶಶಿ ಕಲಿಸಿದ್ಲು. ಇನ್ನ ಯಾರ್ನ ಕೇಳ್ಲಿ?"

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಮುಚ್ಚಳ ತೆಗೆದು ಬೆರಳು ಅದ್ದಿ ನಾಲಿಗೆಗೆ ಒಯ್ದಳು. ನನಗೆ ಗೊತ್ತಿಲ್ಲದೆಯೇ ಅವಳ ಮಣಿಕಟ್ಟು ಹಿಡಿದಿದ್ದೆ.

"ಬಿಡೊ" ಎಂದು ಬಿಡಿಸಿಕೊಂಡು ಬೆರಳು ನೆಕ್ಕಿದಳು. "ಕಹಿ ಐತಿ. ಖರೇ ಬೇವು."

ನಾನು ಬಸ್ಸಿಗೆಂದು ಏಳುವಾಗ ಕೇಳಿದಳು: "ನಿನಗ ಬರಿಯಾಕ ಬರತೈತೆಲ್ಲೊ?"

"ಬರತೈತಿ."

"ಹಂಗಾರ ನಾ ಕುಡದಿಲ್ಲಂತ ಬರದ ತಗೊಂಡ ಬಾ. ಬಾಯಿಲೆ ಹೇಳಾಕ ನಿನ್ನ ಕೈಲೆ ಆಗೂದಿಲ್ಲ, ನನಗ ಗೊತ್ತೈತಿ. ಬರದದ್ದ ನಾನ ಓದಿ ಇವರಿಗೆ ತೋರಸ್ತೇನಿ."

ಬರೆಯುತ್ತೇನೆ ಎಂದು ಬಂದೆ. ಹಾಳೆ ತೆಗೆದೆ, ಮಡಚಿಟ್ಟೆ. ಹಂಗಾಮು ಬಂತು, ಹೋಯಿತು. ಏಳು ತಿಂಗಳಾಗಿತ್ತು, ಒಂದು ಬೆಳಿಗ್ಗೆ ಶಶಿಕಲಾ ಫೋನ್ ಮಾಡಿ, ರಾತ್ರಿ ಮಲಗಿದವಳು ಎದ್ದಿಲ್ಲ ಎಂದಳು. ಮಣ್ಣಿಗೆ ಹೋದಾಗಲೂ ಹಿಂದಿನಿಂದ ಯಾರೋ ಪಿಸುಗುಟ್ಟಿದರು, ಈ ಸಲವೂ ಏನಾದರೂ ಕುಡಿದಳೇನೋ ಎಂದು.

ಈಗ ಬರೆದಿದ್ದೇನೆ. ಓದಲು ಬರುವವರು ಓದಿರಿ, ಬಾರದವರಿಗೆ ಓದಿ ಹೇಳಿರಿ. ನನ್ನ ಅಕ್ಕ ನೀಲವ್ವ ಎಣ್ಣೆ ಕುಡಿದಿರಲಿಲ್ಲ. ಓದಿದ್ದೇನೆ ಎಂದು ನಾನು ಕೊಟ್ಟದ್ದನ್ನು ನಾಲಿಗೆಗೆ ಹಚ್ಚಿ ನೋಡಿದ್ದಳು.