ಒಂಬತ್ತನೆಯ ಹೆಸರು

ಕೊರೊನಾದಿಂದ ವಿಮಾನಗಳು ನಿಂತು ನಾನು ಐರ್ಲೆಂಡಿನ ಸ್ವೋರ್ಡ್ಸ್ ಊರಿನಲ್ಲಿ ಮಗಳ ಮನೆಯಲ್ಲೇ ಉಳಿದ ವರ್ಷ, ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಬಸ್ ಡ್ರೈವರ್ ಇದ್ದರು. ಬೆಳಿಗ್ಗೆ ಆರೂವರೆಗೆ ನಾನು ಹಿತ್ತಲಿಗೆ ಇಳಿಯುವಾಗ ಅವರು ಬೇಲಿಯಾಚೆ ಟೋಪಿ ತೆಗೆದು ನಿಂತು, ಬೆರಳು ಮಡಚುತ್ತ, ತಮ್ಮ ಮನೆತನದ ಹದಿನಾಲ್ಕು ಹಳೆಯ ದೊರೆಗಳ ಹೆಸರು ಒಪ್ಪಿಸುತ್ತಿದ್ದರು. ಎಡವಿದರೆ, "ಗ್ರ್ಯಾಂಡ್, ಮೊದಲಿಂದ" ಎನ್ನುತ್ತಿದ್ದರು; ಅಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಎಂದರೆ 'ಸರಿ, ಆಯ್ತು' ಅಷ್ಟೆ.

ಆ ಮನೆತನದವರು ವರ್ಷಕ್ಕೊಮ್ಮೆ ಸೇರುತ್ತಾರೆ. ತಪ್ಪಿಲ್ಲದೆ ಒಪ್ಪಿಸಿದವರಿಗೆ ಒಂದು ಬಿಳಿಯ ಕೋಲು. ಹಿಂದೆ ಪಟ್ಟಕ್ಕೆ ಬಂದವನ ಕೈಗೆ ಅಂಥದ್ದನ್ನೇ ಕೊಡುತ್ತಿದ್ದರಂತೆ. ಕೋಲು ಎಷ್ಟೋ ವರ್ಷಗಳಿಂದ ಕಾರ್ಕ್ ಊರಿನ ಒಬ್ಬ ದಾಯಾದಿಯ ಬಳಿಯೇ ಇತ್ತು. ಇವರು ಪ್ರತಿ ಸಲ ಒಂಬತ್ತನೆಯ ಹೆಸರನ್ನು ಬೇಕೆಂದೇ ಬಿಡುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ ಹೇಳಿದರು:

"ಅವನು ಅಣ್ಣನನ್ನ ಕೊಂದು ಪಟ್ಟಕ್ಕೆ ಬಂದೋನು. ನಾವು ಆ ಅಣ್ಣನ ಕಡೆಯವರು. ನಮ್ಮಮ್ಮ ಅವನ ಹೆಸರೇ ಎತ್ತುತ್ತಿರಲಿಲ್ಲ."

"ಮಗ್ಗಿ ಹೇಳೋವಾಗ ಬೇಡದ ಸಾಲು ಬಿಡ್ತೀರಾ? ಹೆಸರು ಬಿಟ್ಟರೆ ಅವನು ಮಾಡಿದ ಕೊಲೆನೂ ಮುಚ್ಚಿಹೋಗುತ್ತೆ" ಎಂದೆ.

ಅವರು ಟೋಪಿ ತಲೆಗಿಟ್ಟು ಒಳಗೆ ಹೋದರು.

ಆ ವರ್ಷದ ಕೂಟ ಕಂಪ್ಯೂಟರಿನಲ್ಲಿ ನಡೆಯಿತು. ಅವರ ಕಿಟಕಿ ತೆರೆದಿತ್ತು. ನಾನು ಬೇಲಿಯ ಈಚೆ ನಿಂತು ಬೆರಳು ಮಡಚಿದೆ. ಎಂಟಾಯಿತು.

"ಈಗ ನುಂಗ್ತಾನೆ ನೋಡಿ!" ದಾಯಾದಿ ನಕ್ಕ.

ಇವರು ಒಂಬತ್ತನೆಯ ಹೆಸರನ್ನು ಬೀದಿಗೆಲ್ಲ ಕೇಳುವಂತೆ ಕೂಗಿದರು. "ಅಣ್ಣನನ್ನ ಕೊಂದವನು" ಎಂದೂ ಸೇರಿಸಿ, ಉಳಿದ ಐದನ್ನು ಒಂದೇ ಉಸಿರಿನಲ್ಲಿ ಮುಗಿಸಿದರು.

ಕೋಲು ಕೊರಿಯರ್‌ನಲ್ಲಿ ಬಂತು. ಮರುದಿನ ಆರೂವರೆಗೆ ಅದರ ತುದಿಯಿಂದ ಬೇಲಿ ತಟ್ಟಿ, "ಗ್ರ್ಯಾಂಡ್, ಇನ್ನು ನಿಮ್ಮ ಮನೆತನದ ಹೆಸರುಗಳು. ಮೊದಲಿಂದ" ಎಂದರು.