ಬಲಗೈಯ ಅಕ್ಕಿಕಾಳು

ಮೊದಲ ಸಲ ನೋವು ಬಂದದ್ದು ಅಥಣಿಯ ವಾಲಿಬಾಲ್ ಮ್ಯಾಚಿನಲ್ಲಿ ಎಂದು ಬರೆಯುತ್ತಿದ್ದೇನೆ. ಚಿಕ್ಕೋಡಿಯ ಪ್ರಾಕ್ಟೀಸಿನಲ್ಲೂ ಇರಬಹುದು. ನೋವಿನಲ್ಲಿದ್ದವಳ ನೆನಪನ್ನು ಪೂರ್ತಿ ನಂಬುವಂತಿಲ್ಲ. ಜಂಪ್ ಸರ್ವ್‌ಗೆ ಹಾರಿದೆ. ಚೆಂಡಿಗೆ ಹೊಡೆದೆ. ಭುಜದೊಳಗೆ ಏನೋ ಕಟಕ್ಕೆಂದಿತು. ಆಮೇಲೆ ತೋಳು ನನ್ನದಲ್ಲವೆಂಬಂತೆ ಜೋತುಬಿತ್ತು. ಇಷ್ಟು ಮಾತ್ರ ಖರೆ.

ಕೆಲವು ತಿಂಗಳು ಐಸ್ ಇಟ್ಟುಕೊಂಡು, ಟೇಪ್ ಸುತ್ತಿಕೊಂಡು ಆಡಿದೆ. ತಲೆ ಬಾಚಲು ಕೈ ಮೇಲೇಳದ ದಿನ ಅಪ್ಪ ಮಿರಜಿಗೆ ಕರೆದೊಯ್ದ. ಎಂಆರ್‌ಐ ನೋಡಿ ಡಾಕ್ಟರು ಹೇಳಿದರು: ಕೀಲಿನ ಸುತ್ತ ಉಂಗುರದ ಹಾಗಿರುವ ಲೇಬ್ರಮ್ ಹರಿದಿದೆ, ತೋಳು ತಿರುಗಿಸುವ ರೊಟೇಟರ್ ಕಫ್ ಸ್ನಾಯುಗಳೂ ಸವೆದಿವೆ.

"ಆಪರೇಷನ್ ಏನ ದೊಡ್ಡದಲ್ಲ. ಆಮ್ಯಾಲ ಸುಮ್ಮನ ಇರೂದ ದೊಡ್ಡದು. ಇರ್ತಿ ಏನ?"

"ಇರ್ತೀನ್ರಿ."

ಅಪ್ಪ ನಕ್ಕ. "ಡಾಕ್ಟರ್, ಈಕಿ ಜಳಕಕ್ಕ ಕುಂತ್ರ ತಂಬಿಗೀನೂ ಸರ್ವ್ ಮಾಡ್ತಾಳ್ರಿ."

ಸಣ್ಣ ತೂತುಗಳಿಂದಲೇ ಆಪರೇಷನ್ ಮಾಡಿ, ಹರಿದದ್ದನ್ನು ಎಲುಬಿಗೆ ಹೊಲಿದರು. ಕೈ ಕೊರಳಿಗೆ ಕಟ್ಟಿದ ಸ್ಲಿಂಗಿಗೆ ಬಿತ್ತು. ತಲೆಯ ಮೇಲೆ ಎತ್ತಲೇಬಾರದು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯುವ ಜೈನರ ಮನೆ ನಮ್ಮದು. ಆಮೇಲಿನ ಸಂಜೆ ಸರಿಯುತ್ತಲೇ ಇರಲಿಲ್ಲ. ನಮ್ಮೂರು ಏಕಸಂಬಿಯ ಗ್ರೌಂಡಿನಿಂದ ಚೆಂಡಿನ ಸದ್ದು ಕೇಳುತ್ತಿತ್ತು. ಪ್ರತಿ ಹೊಡೆತಕ್ಕೂ ಸ್ಲಿಂಗಿನೊಳಗೆ ಭುಜ ಮಿಸುಕುತ್ತಿತ್ತು. ನಾನು ಮಿಸುಕಿಸುತ್ತಿದ್ದೆನೋ, ಅದೇ ಮಿಸುಕುತ್ತಿತ್ತೋ.

ಸ್ಲಿಂಗ್ ಬಿಚ್ಚುವ ಮೊದಲೇ ರಾಯಬಾಗದಲ್ಲಿ ಅಕ್ಕನ ಲಗ್ನ. ಮಂಗಳಾಷ್ಟಕ ನಡೆದಿತ್ತು. ಒಂದೊಂದು ಪದ್ಯ ಮುಗಿದಾಗಲೂ ಜನ ಅಕ್ಕಿಕಾಳು ಒಗೆಯುತ್ತಿದ್ದರು. ನಾನು ಹಿಂದೆ ನಿಂತಿದ್ದೆ. ಮುಂದೆ ರುಮಾಲು ಸುತ್ತಿದ ಗಂಡಸರು. ಅವರ ತಲೆ ದಾಟಿಸಿ ಒಗೆಯಬೇಕು. ಕಾಳು ನನ್ನ ಎಡಗೈಯಲ್ಲಿದ್ದವು.

"ಅಕ್ಕನ ಮ್ಯಾಲ ಎಡಗೈಲೆ ಒಗೀತಿ ಏನ, ಹುಚ್ಚಿ?"

ಅವ್ವನ ದನಿ. ಬಲಕಿವಿಯ ಹತ್ತಿರ. ಕಾಳು ಬಲಗೈಗೆ ಬಂದವು, ಕೈ ಸ್ಲಿಂಗಿನಿಂದ ಜಾರಿತು, ತೋಳು ಪೂರ್ತಿ ಬೀಸಿತು.

ಕಟಕ್.

ಬ್ಯಾಂಡಿನ ಗದ್ದಲದಲ್ಲಿ ನನ್ನ ಕೂಗು ಯಾರಿಗೂ ಕೇಳಲಿಲ್ಲ.

ಮತ್ತೆ ಮಿರಜು, ಈ ಸಲ ಅವ್ವನ ಜೊತೆ. ಮತ್ತೆ ಸ್ಕ್ಯಾನ್. "ಹೊಲಿಗಿ ಹಿಡಕೊಂಡೈತಿ, ನಿನ್ನ ಪುಣ್ಯಾ," ಎಂದರು ಡಾಕ್ಟರು. "ಅಕ್ಕಿಕಾಳಾದ್ರೇನು, ಚೆಂಡಾದ್ರೇನು, ಭುಜಕ್ಕ ಎರಡೂ ಒಂದ. ಯಾರರ ಒಗಿ ಅಂದ್ರೋ, ಕೈ ತಾನ ಎದ್ತೋ? ತಾನ ಏಳೂದಿದ್ರ ನಿನ್ನ ಗ್ರೌಂಡಿಗೆ ಬಿಡಾಕ ನನಗ ಹೆದರಿಕಿ."

"ಅವ್ವ ಅಂದ್ಳ್ರಿ."

ಹೊರಗೆ ಬಂದ ಮೇಲೆ ಅವ್ವ ನನ್ನ ಮುಖವನ್ನೇ ನೋಡಿದಳು. "ನಾ ಅಂದ್ನಿ? ನಾ ಮಂಟಪದ ಮ್ಯಾಲ ಅಕ್ಕನ ಹಿಂದ ನಿಂತಿದ್ನಿ. ನಿನ್ನ ಬಾಜೂಕ ಯಾವಾಗ ಬಂದಿದ್ನಿ?"

ಸ್ಲಿಂಗಿನ ದಿನಗಳು ಮೊದಲಿನಿಂದ ಶುರುವಾದವು. ಈಗ ಅವೂ ಮುಗಿದಿವೆ. ಫಿಸಿಯೋ ಹೇಳಿದಂತೆ ಬೆರಳುಗಳನ್ನು ಗೋಡೆಯ ಮೇಲೆ ಹರಿದಾಡಿಸಿ, ದಿನಾ ಒಂದಿಷ್ಟು ಮೇಲಕ್ಕೆ ಒಯ್ಯುತ್ತೇನೆ. ಇಂದು ನನ್ನ ಜಡೆ ನಾನೇ ಹಾಕಿಕೊಂಡೆ. ಅವ್ವ ಕಣ್ಣೊರೆಸಿಕೊಂಡಳು, ನಾನೂ. ಇಷ್ಟಾದರೂ ಮರಳಿ ಬಂತಲ್ಲ. ಆದರೆ ಗ್ರೌಂಡಿಗೆ ಇಳಿಯುವ ಮಾತನ್ನು ಡಾಕ್ಟರು ಇನ್ನೂ ಎತ್ತಿಲ್ಲ. ಎತ್ತಿದ ದಿನ ಈ ಕೈಯ ಬಗ್ಗೆ ನಾನು ಏನೆಂದು ಮಾತು ಕೊಡಲಿ? ಆ ದನಿ ಅವ್ವನದಲ್ಲವಾದರೆ ಯಾರದು?

ನಿಪ್ಪಾಣಿಯ ಗಂಡನ ಮನೆಯಲ್ಲಿರುವ ಅಕ್ಕನಿಗೆ ಮೆಸೇಜ್ ಹಾಕಿದ್ದೇನೆ. ಓದಿದ್ದಾಳೆ, ಉತ್ತರ ಬಂದಿಲ್ಲ. ಕೇಳಿದ್ದು ಇಷ್ಟೇ:

"ಅಕ್ಕಿಕಾಳ ಬೀಳೂಮುಂದ ಅವ್ವ ಖರೇನ ನಿನ್ನ ಹಿಂದ ನಿಂತಿದ್ಳ ಏನಕ್ಕಾ?"